ಒಂದು ವಾಟಿನ ಕಟ್ಟಳೆ

ವಿದ್ಯುಚ್ಛಕ್ತಿಯು ಕಣ್ಣಿಗೆ ಕಾಣುವ ವಸ್ತುವಲ್ಲ. ನಲ್ಲಿಯಿಂದ ನೀರು ತೊಟ್ಟಿಕ್ಕಿದರೆ ಅದರ ಸದ್ದು ನಮ್ಮನ್ನು ಎಚ್ಚರಿಸುತ್ತದೆ. ಅಡುಗೆಯ ಗ್ಯಾಸು ಸೋರಿದರೆ ವಾಸನೆ ಮೂಗಿಗೆ ಬಡಿಯುತ್ತದೆ. ಆದರೆ ಗೋಡೆಯ ಪ್ಲಗ್ಗಿನಿಂದ ವಿದ್ಯುತ್ತು ವ್ಯರ್ಥವಾಗಿ ಹರಿದುಹೋಗುತ್ತಿದ್ದರೆ ಸದ್ದೂ ಇಲ್ಲ, ವಾಸನೆಯೂ ಇಲ್ಲ. ತಿಂಗಳ ಕೊನೆಗೆ ಬರುವ ಬಿಲ್ಲಿನಲ್ಲಿ ಅದು ಉಳಿದ ಖರ್ಚಿನೊಡನೆ ಬೆರೆತು ಮರೆಯಾಗಿರುತ್ತದೆ. ಈ ಲೇಖನದಲ್ಲಿ ನಾವು ವಿಚಾರಿಸಲಿರುವುದು ಇಂಥ ಸೋರಿಕೆಯನ್ನು. ಅದರಲ್ಲಿಯೂ ಕಂಪ್ಯೂಟರು, ದೂರದರ್ಶನ, ದೂರವಾಣಿ ಮೊದಲಾದ ಸುದ್ದಿ ಸಾಗಿಸುವ ಯಂತ್ರಗಳಿಂದಾಗುವ ಸೋರಿಕೆಯನ್ನು. ಅದನ್ನು ತಡೆಯುವುದಕ್ಕಾಗಿ ಜಗತ್ತು ಕಳೆದ ಮೂರು ದಶಕಗಳಲ್ಲಿ ಕೆಲವು ಕಟ್ಟಳೆಗಳನ್ನು ಹಾಕಿಕೊಂಡಿದೆ. ಆ ಕಟ್ಟಳೆಗಳ ಕಥೆಯು ಯಂತ್ರಗಳ ಕಥೆಗಿಂತ ಕಡಿಮೆ ಸ್ವಾರಸ್ಯದ್ದಲ್ಲ.

ಕಂಪ್ಯೂಟರಿನ ಬಾಲ್ಯದಲ್ಲಿ ಈ ಪ್ರಶ್ನೆಯೇ ಹುಟ್ಟಿರಲಿಲ್ಲ. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಲೋಕದ ಮುಂದೆ ಬಂದ ‘ಎನಿಯಾಕ್’ ಯಂತ್ರದಲ್ಲಿ ಸುಮಾರು 18,000 ನಿರ್ವಾತ ನಳಿಗೆಗಳಿದ್ದುವು; ಅದು ಸುಮಾರು 150 ಕಿಲೋವಾಟ್ ವಿದ್ಯುತ್ತನ್ನು ನುಂಗುತ್ತಿತ್ತು. ನಮ್ಮ ಮುಂಬಯಿಯಲ್ಲಿಯೇ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ತಾವೇ ರೂಪಿಸಿ 1960ರಲ್ಲಿ ಚಾಲನೆಗೆ ತಂದ ‘ಟಿಫ್ರಾಕ್’ ಯಂತ್ರದಲ್ಲಿಯೂ ಸುಮಾರು 2,700 ನಳಿಗೆಗಳಿದ್ದುವು. ಅಂಥ ಯಂತ್ರವು ಒಂದು ಸಂಸ್ಥೆಗೆ ಒಂದಿದ್ದರೆ ಹೆಚ್ಚು. ಅದರ ಮುಂದೆ ಲೆಕ್ಕಗಳು ಸರದಿ ಕಾದು ನಿಂತಿರುತ್ತಿದ್ದುವು. ಆದುದರಿಂದ ಯಂತ್ರವು ಸುಮ್ಮನೆ ಕುಳಿತಾಗ ಎಷ್ಟು ತಿನ್ನುತ್ತದೆ ಎಂದು ಯಾರೂ ಕೇಳಲಿಲ್ಲ. ಸುಮ್ಮನೆ ಕೂರಲು ಅದಕ್ಕೆ ಬಿಡುವೇ ಇರಲಿಲ್ಲ.

ಪರಿಸ್ಥಿತಿ ಬದಲಾದದ್ದು 1980ರ ದಶಕದಲ್ಲಿ. ಕಂಪ್ಯೂಟರು ಕಚೇರಿಯ ಪ್ರತಿಯೊಂದು ಮೇಜನ್ನೂ ಏರಿತು. ಮೊದಲು ಮನುಷ್ಯನು ಯಂತ್ರಕ್ಕಾಗಿ ಕಾಯುತ್ತಿದ್ದನು, ಈಗ ಯಂತ್ರವು ಮನುಷ್ಯನಿಗಾಗಿ ಕಾಯತೊಡಗಿತು. ಗುಮಾಸ್ತರು ಊಟಕ್ಕೆ ಹೋದರೂ, ಸಭೆಗೆ ಹೋದರೂ, ಎಷ್ಟೋ ಕಡೆ ಮನೆಗೇ ಹೋದರೂ, ಪರದೆಯು ಬೆಳಗುತ್ತಲೇ ಇತ್ತು.

1992ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ‘ಎನರ್ಜಿ ಸ್ಟಾರ್’ ಎಂಬ ಗುರುತನ್ನು ಜಾರಿಗೆ ತಂದಿತು. ಆ ಗುರುತನ್ನು ಪಡೆದ ಮೊತ್ತಮೊದಲ ವಸ್ತುಗಳೇ ಕಂಪ್ಯೂಟರು ಮತ್ತು ಅದರ ಪರದೆ. ನಿಯಮವು ಸರಳವಾಗಿತ್ತು: ಕೆಲಸವಿಲ್ಲದಾಗ ಯಂತ್ರವು ತಾನಾಗಿ ನಿದ್ರೆಗೆ ಜಾರಬೇಕು, ನಿದ್ರೆಯಲ್ಲಿ 30 ವಾಟಿಗಿಂತ ಹೆಚ್ಚು ಬಳಸಬಾರದು. ಇದು ಕಾನೂನಲ್ಲ, ಯಾರನ್ನೂ ಕಟ್ಟಿಹಾಕುವ ಆಜ್ಞೆಯೂ ಅಲ್ಲ. ಇಷ್ಟವಿದ್ದ ತಯಾರಕರು ನಿಯಮವನ್ನು ಪಾಲಿಸಿ ನಕ್ಷತ್ರದ ಚೀಟಿಯನ್ನು ಅಂಟಿಸಿಕೊಳ್ಳಬಹುದು, ಅಷ್ಟೆ. ಹೀಗಿರಲು ಅದಕ್ಕೆ ಬಲ ಬಂದುದು ಎಲ್ಲಿಂದ? 1993ರ ಏಪ್ರಿಲಿನಲ್ಲಿ ಅಧ್ಯಕ್ಷ ಕ್ಲಿಂಟನ್ನರು ಒಂದು ಆದೇಶವನ್ನು ಹೊರಡಿಸಿ, ಸರಕಾರಿ ಇಲಾಖೆಗಳು ಕೊಳ್ಳುವ ಕಂಪ್ಯೂಟರುಗಳಿಗೆ ಈ ಗುರುತು ಇರಬೇಕೆಂದು ವಿಧಿಸಿದರು. ಅಮೆರಿಕದ ಸರಕಾರಕ್ಕಿಂತ ದೊಡ್ಡ ಗಿರಾಕಿಯನ್ನು ಯಾವ ತಯಾರಕನು ತಾನೇ ಕಳೆದುಕೊಂಡಾನು? ಸರಕಾರಕ್ಕೊಂದು ಬಗೆ, ಸಾರ್ವಜನಿಕರಿಗೊಂದು ಬಗೆ ಎಂದು ಎರಡು ಬಗೆಯ ಯಂತ್ರಗಳನ್ನು ಕಟ್ಟುವುದು ದುಬಾರಿ. ಆದಕಾರಣ ಎಲ್ಲ ಯಂತ್ರಗಳೂ ನಿದ್ರಿಸಲು ಕಲಿತುವು. ದಂಡನೆಯ ಭಯವನ್ನು ತೋರದೆ, ಕೊಳ್ಳುವವನ ಕೈಚೀಲವನ್ನು ತೋರಿಸಿ ಸಾಧಿಸಿದ ಈ ಸುಧಾರಣೆ ನನಗಂತೂ ಬಹಳ ಜಾಣತನದ್ದಾಗಿ ತೋರುತ್ತದೆ.

ಕಂಪ್ಯೂಟರಿನ ನಿದ್ರೆಯೆಂದರೇನು? ಯಂತ್ರದ ಮಿದುಳಾದ ಸಂಸ್ಕಾರಕವನ್ನೂ, ತಟ್ಟೆಗಳನ್ನೂ, ಪರದೆಯನ್ನೂ ನಿಲ್ಲಿಸಿ, ನೆನಪಿನ ಭಾಗವೊಂದಕ್ಕೆ ಮಾತ್ರ ತುಸು ವಿದ್ಯುತ್ತನ್ನು ಉಣಿಸುವುದು. ನೆನಪು ಉಳಿದಿರುವುದರಿಂದ ಕೀಲಿಯನ್ನು ಒತ್ತಿದೊಡನೆ ಕೆಲಸವು ನಿಂತಲ್ಲಿಂದಲೇ ಮುಂದುವರಿಯುತ್ತದೆ. ಯಂತ್ರದ ಯಾವ ಅಂಗವು ಯಾವಾಗ ಮಲಗಬೇಕು, ಯಾರ ಅಪ್ಪಣೆಯಿಂದ ಏಳಬೇಕು ಎಂಬ ವಿಷಯದಲ್ಲಿ ತಯಾರಕರೆಲ್ಲರೂ ಒಂದೇ ಭಾಷೆಯನ್ನಾಡುವಂತೆ 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಕಂಪನಿಗಳು ಕೂಡಿ ‘ಎಸಿಪಿಐ’ ಎಂಬ ಒಪ್ಪಂದದ ನಿಯಮಾವಳಿಯನ್ನು ಪ್ರಕಟಿಸಿದುವು.

ಇದರ ಲಾಭವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯೋಣ. ಒಂದು ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ 20 ಯಂತ್ರಗಳಿವೆ ಎಂದಿಟ್ಟುಕೊಳ್ಳಿ. ಸುಮ್ಮನೆ ಎಚ್ಚರವಿರುವಾಗ ಒಂದೊಂದು 50 ವಾಟ್ ಬಳಸುತ್ತದೆ. ಶಾಲೆ ಬಿಟ್ಟಂದಿನಿಂದ ಮರುದಿನದ ಗಂಟೆ ಬಾರಿಸುವವರೆಗಿನ 16 ಗಂಟೆಗಳ ಕಾಲ ಅವನ್ನು ಹಾಗೆಯೇ ಬಿಟ್ಟರೆ 16 ಯೂನಿಟ್ ಖರ್ಚು. ಅವೇ ಯಂತ್ರಗಳು ತಲಾ 2 ವಾಟ್ ಬಳಸುತ್ತ ನಿದ್ರಿಸಿದರೆ ಖರ್ಚು 0.64 ಯೂನಿಟ್ ಮಾತ್ರ. ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲಿನಿಂದ ಬರುತ್ತಿದ್ದು, ಒಂದು ಯೂನಿಟ್ಟಿಗೆ ಸರಾಸರಿ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುತ್ತದೆ. ಒಂದು ಕೊಠಡಿಯ ಒಂದು ರಾತ್ರಿಯ ಅಜಾಗರೂಕತೆಗೆ ಹತ್ತು ಕಿಲೋಗ್ರಾಮಿಗೂ ಹೆಚ್ಚು ಹೊಗೆ ಎಂದಾಯಿತು.

ಇನ್ನು, ಆರಿಸಿದರೂ ಆರದ ಯಂತ್ರಗಳ ವಿಚಾರ. ದೂರದರ್ಶನವನ್ನು ಕೈಯಲ್ಲಿರುವ ರಿಮೋಟಿನಿಂದ ಆರಿಸುತ್ತೇವೆ. ಚಿತ್ರವೇನೋ ಮಾಯವಾಗುತ್ತದೆ, ಆದರೆ ಮತ್ತೆ ರಿಮೋಟಿನ ಅಪ್ಪಣೆ ಬಂದಾಗ ಏಳಬೇಕಾದರೆ ಅದರೊಳಗೆ ಯಾರಾದರೂ ಎಚ್ಚರವಾಗಿರಲೇಬೇಕಲ್ಲವೆ? ಆ ಕಾವಲುಗಾರನಿಗೆ ಬೇಕಾದ ವಿದ್ಯುತ್ತು ಅತ್ಯಲ್ಪ. ಕೆಡುಕಿರುವುದು ಕಾವಲುಗಾರನಲ್ಲಿ ಅಲ್ಲ, ಅವನಿಗೆ ಊಟವನ್ನು ಬಡಿಸುವ ಅಡುಗೆಮನೆಯಲ್ಲಿ. ಹಳೆಯ ಯಂತ್ರಗಳಲ್ಲಿ ಗೋಡೆಯ 230 ವೋಲ್ಟನ್ನು ಇಳಿಸಲು ಕಬ್ಬಿಣದ ತಿರುಳಿನ ಪರಿವರ್ತಕವಿರುತ್ತಿತ್ತು. ಅದರ ಆಚೆಯ ಬದಿಯಲ್ಲಿ ಯಾರೂ ಉಣ್ಣದಿದ್ದರೂ ಈಚೆಯ ಬದಿಯಲ್ಲಿ ಕಬ್ಬಿಣವು ಸೆಕೆಂಡಿಗೆ 50 ಆವರ್ತಗಳಂತೆ ಕಾಂತೀಕರಣಗೊಳ್ಳುತ್ತ ಬಿಸಿಯಾಗುತ್ತಲೇ ಇರುತ್ತಿತ್ತು. ಒಬ್ಬನಿಗೆ ಒಂದು ತುತ್ತು ಕೊಡಲು ಮದುವೆ ಮನೆಯ ಒಲೆಯನ್ನೇ ಹಗಲಿರುಳು ಉರಿಸಿದಂತೆ!

ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಅಲನ್ ಮೈಯರ್ ಎಂಬ ವಿಜ್ಞಾನಿ ಈ ಸೋರಿಕೆಯ ಬೆನ್ನುಹತ್ತಿದವರಲ್ಲಿ ಪ್ರಮುಖರು. ಮುಂದುವರಿದ ದೇಶಗಳಲ್ಲಿ ಮನೆಗಳ ವಿದ್ಯುತ್ತಿನ ಶೇಕಡಾ 5ರಿಂದ 10ರಷ್ಟು ಹೀಗೆ ಕಾದು ಕುಳಿತ ಯಂತ್ರಗಳ ಪಾಲಾಗುತ್ತಿದೆ ಎಂದು ಅಂದಿನ ಅಧ್ಯಯನಗಳಿಂದ ಕಂಡುಬಂದಿತು. 1998ರಲ್ಲಿ ಮೈಯರ್ ಅವರು ಒಂದು ಸಲಹೆಯನ್ನು ಮುಂದಿಟ್ಟರು: ಯಂತ್ರವು ಯಾವುದೇ ಇರಲಿ, ಕಾದು ಕುಳಿತಾಗ ಅದು 1 ವಾಟಿಗಿಂತ ಹೆಚ್ಚು ಬಳಸಕೂಡದು. ದೂರದರ್ಶನಕ್ಕೊಂದು, ರೇಡಿಯೋಕ್ಕೊಂದು, ಮುದ್ರಣಯಂತ್ರಕ್ಕೊಂದು ಎಂದು ನೂರು ನಿಯಮಗಳನ್ನು ಬರೆಯದೆ ಎಲ್ಲಕ್ಕೂ ಒಂದೇ ಅಂಕೆಯನ್ನು ಇಟ್ಟದ್ದು ಈ ಸಲಹೆಯ ಹೆಚ್ಚುಗಾರಿಕೆ. ಮಂತ್ರಿಗಳಿಗೂ ಅದು ಅರ್ಥವಾಗುತ್ತದೆ, ಮಕ್ಕಳಿಗೂ ನೆನಪಿರುತ್ತದೆ.

ಒಂದು ವಾಟ್ ಎಂದರೆ ಎಷ್ಟು? ಅದು ವರ್ಷವಿಡೀ ಹರಿದರೆ 8.76 ಯೂನಿಟ್. ಒಂದು ಮನೆಗೆ ಅದು ಲೆಕ್ಕಕ್ಕಿಲ್ಲ. ಆದರೆ ಹನಿಗೂಡಿದರೆ ಹಳ್ಳ. ಒಂದು ಮಹಾನಗರದಲ್ಲಿ ಇಂಥ ಒಂದು ಕೋಟಿ ಯಂತ್ರಗಳಿದ್ದರೆ, ಒಂದೊಂದರ ಒಂದು ವಾಟಿಗೆ 10 ಮೆಗಾವಾಟ್ ಬೇಕು. ಒಂದೊಂದು 10 ವಾಟ್ ಸೋರಿಸಿದರೆ 100 ಮೆಗಾವಾಟ್, ಅದೂ ಹಗಲಿರುಳೆನ್ನದೆ. ಮುಂಬಯಿಗೆ ಬೆಳಕು ಕೊಡಲು ಟಾಟಾ ಕಂಪನಿಯವರು ಸಹ್ಯಾದ್ರಿಯ ನೀರನ್ನು ಕೂಡಿಹಾಕಿ 1915ರಲ್ಲಿ ಖೋಪೋಲಿಯ ಜಲವಿದ್ಯುದಾಗಾರವನ್ನು ನಡೆಸತೊಡಗಿದರು. ಅದು ಸಾಲದೆ 1956ರಲ್ಲಿ ಟ್ರಾಂಬೆಯ ಉಷ್ಣವಿದ್ಯುದಾಗಾರವೂ ಆರಂಭವಾಯಿತು. ಬೆಟ್ಟದ ನೀರನ್ನಿಳಿಸಿ, ಇದ್ದಲನ್ನು ಸುಟ್ಟು ತಂದ ಶಕ್ತಿಯಲ್ಲಿ ಒಂದು ಪಾಲು ಯಾರ ಕೆಲಸಕ್ಕೂ ಬಾರದೆ ಗೋಡೆಯ ಮೂಲೆಯಲ್ಲಿ ಬೆಚ್ಚಗಾಗಿ ಹೋಗುವುದನ್ನು ನೆನೆದರೆ ಮನಸ್ಸಿಗೆ ಕಸಿವಿಸಿಯಾಗದಿರದು.

ಸಲಹೆಯು ಕಟ್ಟಳೆಯಾಗಲು ಹತ್ತು ವರ್ಷಗಳು ಹಿಡಿದುವು. 1999ರಲ್ಲಿ ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯು ಅದನ್ನು ಎತ್ತಿಹಿಡಿಯಿತು. 2001ರ ಜುಲೈಯಲ್ಲಿ ಅಮೆರಿಕದ ಸರಕಾರವು ತನ್ನ ಖರೀದಿಗೆ ಒಂದು ವಾಟಿನ ಗುರಿಯನ್ನು ಇಟ್ಟುಕೊಂಡಿತು. 2005ರಲ್ಲಿ ಸ್ಕಾಟ್ಲೆಂಡಿನ ಗ್ಲೆನೀಗಲ್ಸಿನಲ್ಲಿ ಕೂಡಿದ ಎಂಟು ರಾಷ್ಟ್ರಗಳ ಮುಖಂಡರು ಅದಕ್ಕೆ ಬೆಂಬಲವಿತ್ತರು. ಕಡೆಗೆ ಐರೋಪ್ಯ ಒಕ್ಕೂಟವು 2008ರಲ್ಲಿ ಕಾನೂನನ್ನೇ ಮಾಡಿತು: 2010ರಿಂದ 1 ವಾಟ್, 2013ರಿಂದ ಅರ್ಧ ವಾಟ್, ಗಡಿಯಾರದಂಥ ಏನನ್ನಾದರೂ ತೋರಿಸುತ್ತಿರುವ ಯಂತ್ರಗಳಿಗೆ ಇದರ ಇಮ್ಮಡಿ. ಐರೋಪ್ಯ ಮಾರುಕಟ್ಟೆಗಾಗಿ ತಿದ್ದಿದ ವಿನ್ಯಾಸಗಳು ಏಷ್ಯದ ಕಾರ್ಖಾನೆಗಳಲ್ಲಿಯೇ ತಯಾರಾಗುತ್ತಿದ್ದುದರಿಂದ ಅದರ ಫಲ ನಮ್ಮಂಥ ದೇಶಗಳಿಗೂ ಹಂಚಿಹೋಯಿತು.

ಕಟ್ಟಳೆಯನ್ನು ಬರೆದರೆ ಸಾಲದು, ಅಳೆಯಲೂ ಬರಬೇಕು. ಹಿಂದೆ ನಮ್ಮ ದೇಶದಲ್ಲಿ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮನಾಗಿರಲಿಲ್ಲ; 1956ರ ತೂಕ ಮತ್ತು ಅಳತೆಗಳ ಕಾಯಿದೆ ಬಂದು ಕಿಲೋಗ್ರಾಮು ನೆಲೆಯಾದ ಮೇಲೆಯೇ ಆ ಗೊಂದಲ ಅಡಗಿತು. ಅರ್ಧ ವಾಟಿನ ಅಳತೆಯಲ್ಲಿಯೂ ಅಂಥದೇ ತೊಡಕು. ತಂತಿಯ ದೀಪವೊಂದರ ವೋಲ್ಟನ್ನೂ ಆಂಪಿಯರನ್ನೂ ಗುಣಿಸಿದರೆ ವಾಟ್ ಸಿಗುತ್ತದೆ ಎಂದು ನೀವು ಭೌತಶಾಸ್ತ್ರದ ಪಾಠದಲ್ಲಿ ಓದಿದ್ದೀರಿ. ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಈ ಗುಣಾಕಾರ ಮೋಸಮಾಡುತ್ತದೆ. ಅವು ಪ್ರವಾಹವನ್ನು ಒಂದೇ ಸಮನೆ ಹೀರುವುದಿಲ್ಲ. ವೋಲ್ಟಿನ ಅಲೆಯು ತುತ್ತತುದಿಗೇರಿದ ಕ್ಷಣದಲ್ಲಿ ಚಕ್ಕನೆ ಒಂದು ಗುಟುಕು ಹೀರಿ ಸುಮ್ಮನಾಗುತ್ತವೆ. ಅವುಗಳೊಳಗಿನ ಧಾರಕಗಳು ಸ್ವಲ್ಪ ಪ್ರವಾಹವನ್ನು ತೆಗೆದುಕೊಂಡು, ಬಳಸದೆ, ಹಾಗೆಯೇ ಹಿಂದಿರುಗಿಸುವುದೂ ಉಂಟು. ಆಂಪಿಯರ್ ಮಾಪಕವು ಹೋದುದನ್ನೂ ಬಂದುದನ್ನೂ ಒಟ್ಟಿಗೆ ಎಣಿಸಿಬಿಡುತ್ತದೆ. ಉದಾಹರಣೆಗೆ, 230 ವೋಲ್ಟ್ ಮತ್ತು 0.03 ಆಂಪಿಯರ್ ಎಂದು ಮಾಪಕಗಳು ತೋರಿದರೆ ಗುಣಲಬ್ಧ 6.9, ಆದರೆ ನಿಜವಾಗಿ ಖರ್ಚಾದುದು 2 ವಾಟೂ ಇರಲಾರದು. ಕ್ಷಣಕ್ಷಣದ ವೋಲ್ಟನ್ನೂ ಆ ಕ್ಷಣದ ಆಂಪಿಯರನ್ನೂ ಗುಣಿಸಿ ಸರಾಸರಿ ತೆಗೆಯುವ ಉಪಕರಣವೇ ಬೇಕು. ಎಂಥ ಉಪಕರಣ, ಎಷ್ಟು ನಿಖರ, ಎಷ್ಟು ಹೊತ್ತು ಕಾದು ಓದಬೇಕು ಎಂಬುದನ್ನೆಲ್ಲ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 2005ರಲ್ಲಿ 62301 ಎಂಬ ಸಂಖ್ಯೆಯ ಮಾನಕದಲ್ಲಿ ಬರೆದಿಟ್ಟಿತು. 2011ರಲ್ಲಿ ಅದನ್ನು ಪರಿಷ್ಕರಿಸಿತು. ಪತ್ರಿಕೆಗಳಲ್ಲಿ ಹೆಸರು ಬಾರದ ಈ ಒಣ ಪುಸ್ತಿಕೆ ಇಲ್ಲದಿದ್ದರೆ ಒಂದು ವಾಟಿನ ಕಟ್ಟಳೆ ಬರಿಯ ಸದಾಶಯವಾಗಿ ಉಳಿಯುತ್ತಿತ್ತು.

ಈಗ ನಿಮ್ಮ ಮನೆಯ ಮೊಬೈಲ್ ಚಾರ್ಜರನ್ನು ಕೈಗೆ ತೆಗೆದುಕೊಳ್ಳಿ. ಅದರ ಮೈಮೇಲಿನ ಸಣ್ಣ ಅಕ್ಷರಗಳ ನಡುವೆ ರೋಮನ್ ಅಂಕೆಯೊಂದು ಇದೆಯೇ ಎಂದು ಹುಡುಕಿರಿ. ಇಂಗ್ಲಿಷಿನ ‘ವಿ’ ಅಕ್ಷರದ ಪಕ್ಕದಲ್ಲಿ ‘ಐ’ ಕಂಡರೆ ಅದು ಆರು. ಇದು ಚಾರ್ಜರಿನ ದಕ್ಷತೆಯ ದರ್ಜೆ. ಶಾಲೆಯ ದರ್ಜೆಗಳಂತೆ ಇಲ್ಲಿಯೂ ಅಂಕೆ ಏರಿದಂತೆ ಪರೀಕ್ಷೆ ಕಠಿನ. ಫೋನನ್ನು ಜೋಡಿಸದೆ ಪ್ಲಗ್ಗಿನಲ್ಲಿ ಸುಮ್ಮನೆ ಬಿಟ್ಟಾಗ ನಾಲ್ಕನೆಯ ದರ್ಜೆಯ ಚಾರ್ಜರು ಅರ್ಧ ವಾಟಿನವರೆಗೆ ಬಳಸಬಹುದಾಗಿತ್ತು. ಐದನೆಯದರಲ್ಲಿ ಸಣ್ಣ ಚಾರ್ಜರಿನ ಮಿತಿ 0.3 ವಾಟ್. 2016ರ ಫೆಬ್ರವರಿಯಿಂದ ಅಮೆರಿಕದಲ್ಲಿ ಕಡ್ಡಾಯವಾದ ಆರನೆಯ ದರ್ಜೆಯಲ್ಲಿ ಅದು 0.1 ವಾಟ್. ಭಾರವಾದ, ಬೆಚ್ಚಗಾಗುವ ಕಬ್ಬಿಣದ ಚಾರ್ಜರುಗಳ ಕಾಲವನ್ನು ಮುಗಿಸಿದುದು ಈ ಅಂಕೆಗಳೇ. ಅವುಗಳ ಸ್ಥಾನದಲ್ಲಿ, ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿ ಬಡಿಸುವ ಹಗುರಾದ ಚಾರ್ಜರುಗಳು ಬಂದುವು.

ಇಲ್ಲಿ ಒಂದು ಮಾತನ್ನು ಹೇಳದಿರಲಾರೆ. ಪ್ಲಗ್ಗಿನಲ್ಲಿ ಚಾರ್ಜರನ್ನು ಬಿಟ್ಟಿದ್ದಕ್ಕೆ ಮನೆಯಲ್ಲಿ ಮಕ್ಕಳು ಬೈಸಿಕೊಳ್ಳುವುದುಂಟು. ಆರನೆಯ ದರ್ಜೆಯ ಚಾರ್ಜರು ವರ್ಷವಿಡೀ ಹಾಗೆ ಬಿದ್ದಿದ್ದರೂ ಒಂದು ಯೂನಿಟ್ಟನ್ನು ಮುಟ್ಟುವುದಿಲ್ಲ. ಇಪ್ಪತ್ತು ಲೀಟರಿನ ಎರಡು ಬಕೆಟ್ ನೀರನ್ನು ಇಪ್ಪತ್ತು ಡಿಗ್ರಿಯಷ್ಟು ಬಿಸಿಮಾಡಲು ಅದಕ್ಕಿಂತ ಹೆಚ್ಚು ಬೇಕು. ಅದೇ ಮನೆಯಲ್ಲಿ, ಆರಿಸಿದ ಮೇಲೆಯೂ 10 ವಾಟ್ ಬಳಸುವ ಹಳೆಯ ಸೆಟ್‌ಟಾಪ್ ಪೆಟ್ಟಿಗೆಯಿದ್ದರೆ ಅದು ವರ್ಷಕ್ಕೆ 87 ಯೂನಿಟ್ ತಿಂದು ಯಾರ ಬೈಗುಳಕ್ಕೂ ಸಿಕ್ಕದೆ ಕುಳಿತಿರುತ್ತದೆ! ಮಿತವ್ಯಯಕ್ಕೆ ಶ್ರದ್ಧೆಯಷ್ಟೇ ಲೆಕ್ಕವೂ ಬೇಕು. ಸುರಕ್ಷತೆಗಾಗಿ ಚಾರ್ಜರನ್ನು ಕಿತ್ತಿಡುವುದು ಒಳ್ಳೆಯದೇ. ಆದರೆ ವಿದ್ಯುತ್ತಿನ ಉಳಿತಾಯಕ್ಕೆಂದು ಹೊರಟವರು ಮೊದಲು ಸೆಟ್‌ಟಾಪ್ ಪೆಟ್ಟಿಗೆಯ ಸ್ವಿಚ್ಚಿನ ಬಳಿಗೆ ಹೋಗಬೇಕು.

ಭಾರತದಲ್ಲಿ ಈ ಕಾರ್ಯದ ಹೊಣೆ ಹೊತ್ತಿರುವುದು ಶಕ್ತಿ ದಕ್ಷತಾ ಬ್ಯೂರೋ. 2001ರ ಶಕ್ತಿ ಸಂರಕ್ಷಣಾ ಕಾಯಿದೆಯಂತೆ 2002ರ ಮಾರ್ಚಿ 1ರಂದು ಅದು ಸ್ಥಾಪಿತವಾಯಿತು; 2006ರಿಂದ ನಕ್ಷತ್ರಗಳ ಚೀಟಿ ಜಾರಿಗೆ ಬಂದಿತು. ಅಂಗಡಿಯಲ್ಲಿ ದೂರದರ್ಶನದ ಮೇಲೆ ಒಂದರಿಂದ ಐದರವರೆಗಿನ ನಕ್ಷತ್ರಗಳನ್ನು ನೀವೆಲ್ಲರೂ ಕಂಡಿದ್ದೀರಿ. ಆದರೆ ನಕ್ಷತ್ರಗಳನ್ನು ಎಣಿಸಿ ಹಿಂದಿರುಗುವವರೇ ಬಹಳ. ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂಕೆಯೂ ಇರುತ್ತದೆ, ಓದಬೇಕಾದುದು ಅದನ್ನು. ನಕ್ಷತ್ರವು ಪರದೆಯ ಗಾತ್ರಕ್ಕೆ ತಕ್ಕಂತೆ ಕೊಡುವ ಅಂಕವಾದುದರಿಂದ, ಐದು ನಕ್ಷತ್ರದ ದೊಡ್ಡ ಪರದೆಯು ಮೂರು ನಕ್ಷತ್ರದ ಚಿಕ್ಕ ಪರದೆಗಿಂತ ಹೆಚ್ಚು ವಿದ್ಯುತ್ತನ್ನು ಬಳಸಬಲ್ಲದು.

ಎಂದಿಗೂ ಮಲಗದ ಯಂತ್ರವೊಂದು ಈಗ ಮನೆಮನೆಗೂ ಬಂದಿದೆ: ಅಂತರಜಾಲವನ್ನು ಹಂಚುವ ರೌಟರು. 8 ವಾಟಿನ ರೌಟರು ವರ್ಷಕ್ಕೆ 70 ಯೂನಿಟ್ ಬಳಸುತ್ತದೆ. ಜಾಲಕ್ಕೆ ಸೇರಿದ ಯಂತ್ರಗಳಿಗೆ ಒಂದು ವಾಟಿನ ಕಟ್ಟಳೆಯನ್ನು ಹಾಗೆಯೇ ಅನ್ವಯಿಸಲಾಗದು. ಯಾವ ಗಳಿಗೆಯಲ್ಲಿ ಸಂದೇಶ ಬಂದೀತೋ ಎಂದು ಅವು ಕಿವಿಗೊಟ್ಟಿರಬೇಕು. ಅಚ್ಚರಿಯೆಂದರೆ, ಕಂಪ್ಯೂಟರುಗಳನ್ನು ಜೋಡಿಸುವ ಈಥರ್‌ನೆಟ್ ತಂತಿಯ ಎರಡು ತುದಿಗಳೂ ಹೇಳಲು ಏನೂ ಇಲ್ಲದಾಗಲೂ ‘ಇದ್ದೇನೆ, ಇದ್ದೇನೆ’ ಎಂದು ಪೂರ್ಣ ಬಲದಿಂದ ಕೂಗುತ್ತಲೇ ಇರುತ್ತಿದ್ದುವು. 2010ರಲ್ಲಿ ಅಂಗೀಕೃತವಾದ ಹೊಸ ಮಾನಕವು ಈ ಕೂಗನ್ನು ನಿಲ್ಲಿಸಿತು. ಮಾತಿಲ್ಲದಾಗ ಎರಡು ತುದಿಗಳೂ ಮೌನವಾಗಿದ್ದು, ಆಗೊಮ್ಮೆ ಈಗೊಮ್ಮೆ ಒಂದು ಚಿಕ್ಕ ಸಂಕೇತವನ್ನು ಮಾತ್ರ ವಿನಿಮಯ ಮಾಡಿಕೊಳ್ಳುತ್ತವೆ. ಮಾತು ಬಂದಾಗ ಸೆಕೆಂಡಿನ ಲಕ್ಷದಲ್ಲಿ ಕೆಲವೇ ಪಾಲಿನಷ್ಟು ಸಮಯದಲ್ಲಿ ಎಚ್ಚರಗೊಳ್ಳುತ್ತವೆ. ಬಳಸುವವನಿಗೆ ಗೊತ್ತೇ ಆಗದಂಥ ಮಿತವ್ಯಯವಿದು.

ಇಷ್ಟು ಹೊತ್ತು ನಾವು ನೋಡಿದುದು ನಮ್ಮ ಕೈಗೆಟಕುವ ಯಂತ್ರಗಳನ್ನು. ಆದರೆ ಇಂದು ನಾವು ಫೋನಿನಲ್ಲಿ ಹುಡುಕುವ ಚಿತ್ರ, ಕೇಳುವ ಹಾಡು, ಕೃತಕ ಬುದ್ಧಿಗೆ ಹಾಕುವ ಪ್ರಶ್ನೆ, ಇವುಗಳ ನಿಜವಾದ ದುಡಿಮೆ ನಡೆಯುವುದು ದೂರದ ದತ್ತಾಂಶ ಕೇಂದ್ರಗಳಲ್ಲಿ. ತೀರ ದೂರವೇನೂ ಅಲ್ಲ. ನವಿ ಮುಂಬಯಿಯ ಐರೋಲಿ, ಮಹಾಪೆಗಳ ಕಡೆಗೆ ಹೋದವರು ಆ ಕಟ್ಟಡಗಳನ್ನು ಕಂಡಿರಬಹುದು. ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಬಳಸಿದ ವಿದ್ಯುತ್ತು ಸುಮಾರು 41,500 ಕೋಟಿ ಯೂನಿಟ್, ಅಂದರೆ ಲೋಕದ ಒಟ್ಟು ಬಳಕೆಯ ಸುಮಾರು ಶೇಕಡಾ ಒಂದೂವರೆ.

ಈ ಕೇಂದ್ರಗಳಿಗೂ ಒಂದು ಅಳತೆಗೋಲಿದೆ. ಕೇಂದ್ರಕ್ಕೆ ಬಂದ ಒಟ್ಟು ವಿದ್ಯುತ್ತನ್ನು ಅದರೊಳಗಿನ ಕಂಪ್ಯೂಟರುಗಳು ಬಳಸಿದ ವಿದ್ಯುತ್ತಿನಿಂದ ಭಾಗಿಸಬೇಕು. ಕಂಪ್ಯೂಟರುಗಳಿಗೆ 100 ಭಾಗ, ಅವನ್ನು ತಂಪಾಗಿಡುವುದೇ ಮೊದಲಾದ ಕೆಲಸಗಳಿಗೆ 60 ಭಾಗ ಬೇಕಾದರೆ 160ನ್ನು 100ರಿಂದ ಭಾಗಿಸಿ 1.6. ಒಂದಕ್ಕೆ ಹತ್ತಿರವಾದಷ್ಟೂ ಮೇಲು. ‘ಪಿಯುಇ’ ಎಂದು ಕರೆಯುವ ಈ ಅಳತೆಯನ್ನು 2007ರಲ್ಲಿ ಉದ್ಯಮಿಗಳ ಕೂಟವಾದ ‘ಗ್ರೀನ್ ಗ್ರಿಡ್’ ಪ್ರಚುರಪಡಿಸಿತು. 2016ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು. ಅದರಿಂದ ಒಳಿತಾಗಿದೆ, ಸಂದೇಹವಿಲ್ಲ. ತಂಪುಗೊಳಿಸುವ ವಿಧಾನಗಳು ಬಹಳವಾಗಿ ಸುಧಾರಿಸಿವೆ.

ಆದರೆ ಈ ಅಳತೆಯಲ್ಲಿ ಒಂದು ವಿಚಿತ್ರವಿದೆ. ಅದೇ ಕೇಂದ್ರದವರು ಹಳೆಯ ಕಂಪ್ಯೂಟರುಗಳನ್ನು ತೆಗೆದು, ಅಷ್ಟೇ ಕೆಲಸವನ್ನು 80 ಭಾಗದಲ್ಲಿ ಮಾಡುವ ಹೊಸ ಯಂತ್ರಗಳನ್ನಿಟ್ಟರೆನ್ನಿ. ತಂಪಿನ ಖರ್ಚು 55ಕ್ಕೆ ಇಳಿಯಿತು. ಒಟ್ಟು ಖರ್ಚು 160ರಿಂದ 135ಕ್ಕೆ ಬಂದಿತು, ನಿಜವಾದ ಉಳಿತಾಯ. ಆದರೆ 135ನ್ನು 80ರಿಂದ ಭಾಗಿಸಿದರೆ ಸುಮಾರು 1.69; ಅಂಕೆಯ ಪ್ರಕಾರ ಕೇಂದ್ರವು ಕೆಟ್ಟುಹೋಯಿತು! ಕಂಪ್ಯೂಟರುಗಳು ತಾವೇ ದುಂದುಗಾರರಾಗಿದ್ದರೆ ಈ ಅಳತೆಗೋಲು ಅದನ್ನು ಕಾಣುವುದೇ ಇಲ್ಲ.

ಹಾಗಾದರೆ ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಕೆಲಸವಾಯಿತೆಂದು ನೇರವಾಗಿ ಅಳೆಯಬಾರದೇಕೆ? ಅಂಥ ಪ್ರಯತ್ನಗಳೂ ನಡೆದಿವೆ. 2007ರ ಕೊನೆಗೆ ‘ಸ್ಪೆಕ್’ ಎಂಬ ಸಂಘವು ಸರ್ವರ್ ಯಂತ್ರಗಳಿಗೆ ಗೊತ್ತುಪಡಿಸಿದ ಒಂದು ಕೆಲಸವನ್ನು ಕೊಟ್ಟು, ಹೊರೆಯನ್ನು ಪೂರ್ಣದಿಂದ ಶೂನ್ಯದವರೆಗೆ ಹಂತಹಂತವಾಗಿ ಇಳಿಸುತ್ತ, ಪ್ರತಿ ಹಂತದಲ್ಲಿಯೂ ವಾಟುಗಳನ್ನು ಎಣಿಸುವ ಪರೀಕ್ಷೆಯನ್ನು ಹೊರತಂದಿತು. ಏನೂ ಕೆಲಸ ಮಾಡದ ಸರ್ವರು ಕೂಡ ದುಡಿಯುವಾಗಿನ ವಿದ್ಯುತ್ತಿನ ದೊಡ್ಡ ಪಾಲನ್ನೇ ಬಳಸುತ್ತದೆಂಬುದು ಇಂಥ ಪರೀಕ್ಷೆಗಳಿಂದ ಎಲ್ಲರ ಕಣ್ಣಿಗೂ ಬಿದ್ದಿತು. ಮುಂದಿನ ವರ್ಷಗಳ ವಿನ್ಯಾಸಗಳಲ್ಲಿ ಆ ಪಾಲು ಇಳಿಯುತ್ತ ಬಂದಿತು. ಆದರೆ ಆ ಪರೀಕ್ಷೆ ಒಂದು ಬಗೆಯ ಕೆಲಸಕ್ಕೆ ಮಾತ್ರ ಸಲ್ಲುವುದು. ಬ್ಯಾಂಕಿನ ಲೆಕ್ಕ, ಚಲಚ್ಚಿತ್ರದ ರವಾನೆ, ಹವಾಮಾನದ ಗಣಿತ, ಕೃತಕ ಬುದ್ಧಿಯ ಒಂದು ಉತ್ತರ, ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಹಾಲಿಗೆ ಲೀಟರು, ಅಕ್ಕಿಗೆ ಕಿಲೋಗ್ರಾಮು ಇದ್ದಂತೆ ಗಣನೆಯ ಕೆಲಸಕ್ಕೆ ಎಲ್ಲರೂ ಒಪ್ಪುವ ಮಾನವೊಂದು ಇನ್ನೂ ದೊರೆತಿಲ್ಲ. ಮಾನಕಗಳನ್ನು ಬರೆಯುವ ಸಮಿತಿಗಳ ಮುಂದೆ ಇಂದು ಇರುವ ಕಠಿನವಾದ ಪ್ರಶ್ನೆಗಳಲ್ಲಿ ಇದೂ ಒಂದು.